ಈ ಹೊದಿಕೆ ಯಾರದ್ದು?

(ಮಂಡೆಕೋಲಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕ್ರೋಶಾ ತರಬೇತಿ ಮುಗಿದಿದೆ, ನಾಲ್ಕು ಮಾತು ಹೇಳಿ ಎಂದು ನಿಮ್ಮ ಸಂಘದವರು ಕರೆದರು. ಹೆಣಿಗೆಯ ಸಭೆಯಲ್ಲಿ ವರದಕ್ಷಿಣೆಯ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಎರಡಕ್ಕೂ ನಂಟು ಇದೆ, ಅದನ್ನೇ ಹೇಳಲು ಬಂದಿದ್ದೇನೆ.

ಮೇಜಿನ ಮೇಲೆ ನೀವು ಹರಡಿಟ್ಟ ಚೌಕಗಳನ್ನು ನೋಡಿದೆ. ನಡುವೆ ಉಂಗುರ, ಸುತ್ತ ಮೂರು ಮೂರು ಟ್ರೆಬಲ್‌ಗಳ ಗೊಂಚಲು, ಮೂಲೆಗೆ ಎರಡು ಚೈನು, ಸುತ್ತಿಗೊಂದು ಬಣ್ಣ. ಇಂಗ್ಲಿಷಿನವರು ಇದಕ್ಕೆ ಗ್ರ್ಯಾನಿ ಸ್ಕ್ವೇರ್, ಅಂದರೆ ಅಜ್ಜಿಯ ಚೌಕ ಎನ್ನುತ್ತಾರೆ. 1885ರಲ್ಲೇ ಅಮೆರಿಕದ ಒಂದು ರೈತ ಪತ್ರಿಕೆಯಲ್ಲಿ ಇಂಥ ಚೌಕದ ಮಾದರಿ ಅಚ್ಚಾಗಿತ್ತು. ಉಳಿದ ನೂಲಿನ ತುಂಡುಗಳನ್ನು ಬಿಸಾಡದೆ ಹೊದಿಕೆ ಮಾಡುವ ಉಪಾಯ ಅದು. ನಮ್ಮವರಿಗೂ ಈ ಉಪಾಯ ಗೊತ್ತಿತ್ತು. ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿದವರು ನಮ್ಮ ಹೆಂಗಸರೇ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿ ಈಗ ದೇಶದಾಚೆಗೂ ಹೆಸರಾಗಿದೆ.

ಕ್ರೋಶಾ ಕಡ್ಡಿ ಮಾತ್ರ ಹೊರಗಿನಿಂದ ಬಂದದ್ದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಮಿಷನ್ ಶಾಲೆಗಳಲ್ಲಿ, ಕಾನ್ವೆಂಟುಗಳಲ್ಲಿ ಹೆಣ್ಣುಮಕ್ಕಳಿಗೆ ಓದುಬರಹದ ಜೊತೆ ಸೂಜಿ ಕೆಲಸವನ್ನೂ ಕಲಿಸಿದರು. ನನ್ನ ಪ್ರಾಯದವರಿಗೆ ನೆನಪಿರಬಹುದು: ರೇಡಿಯೋಗೆ ಕ್ರೋಶಾ ಹೊದಿಕೆ, ಕುರ್ಚಿಯ ಬೆನ್ನಿಗೆ ಕ್ರೋಶಾ, ಬಾಗಿಲಿಗೆ ಕ್ರೋಶಾ ತೋರಣ. ಹುಡುಗಿ ನೋಡಲು ಬಂದವರ ಮುಂದೆ ತಾಯಿ ಅದನ್ನೆಲ್ಲ ತೋರಿಸಿ, "ಎಲ್ಲ ಅವಳೇ ಹಾಕಿದ್ದು" ಎನ್ನುತ್ತಿದ್ದಳು. ಅದು ಹುಡುಗಿಯ ಗುಣದ ಸರ್ಟಿಫಿಕೇಟು. ಮದುವೆಯಾದ ಮೇಲೆ ಅದೂ ಪೆಟ್ಟಿಗೆಯಲ್ಲಿ ಗಂಡನ ಮನೆಗೆ ಹೋಯಿತು. ಗಂಡಿನ ಕಡೆಯವರು ಎಣಿಸಿದ್ದು ಪವನುಗಳನ್ನು ಮಾತ್ರ. ಚೌಕಗಳನ್ನು ಎಣಿಸಿದವರಿಲ್ಲ.

ನಾನು ಅರ್ಥಶಾಸ್ತ್ರ ಪಾಠ ಮಾಡಿದವಳು, ಎಣಿಸದೆ ಇರಲಾರೆ. ಈಗ ನೀವು ಹಾಕುತ್ತಿರುವ ಹೊದಿಕೆ ನಾಲ್ಕಡಿ ಅಗಲ, ಐದಡಿ ಉದ್ದ. ಆರಿಂಚಿನ ಚೌಕವಾದರೆ 80 ಚೌಕ ಬೇಕು. ಕೈ ಪಳಗಿದವರಿಗೆ ಚೌಕಕ್ಕೆ 40 ನಿಮಿಷ ಎಂದಿಟ್ಟುಕೊಳ್ಳಿ. 53 ಗಂಟೆಗೂ ಮೇಲಾಯಿತು. ತುದಿಗಳನ್ನು ಒಳಗೆ ಸೇರಿಸಿ, ಜೋಡಿಸಿ, ಸುತ್ತ ಅಂಚು ಹಾಕುವುದಕ್ಕೆ ಇನ್ನು ಹತ್ತು ಗಂಟೆ. ಒಟ್ಟು 63 ಗಂಟೆ, ಅಂದರೆ ಎಂಟು ದಿನದ ಸಂಬಳದ ಕೆಲಸ. ಇದನ್ನು 1,500 ರೂಪಾಯಿಗೆ ಮಾರಿದಿರಿ, ಅದರಲ್ಲಿ ನೂಲಿಗೇ 600 ಹೋಯಿತು ಎನ್ನೋಣ. ಗಂಟೆಗೆ ಉಳಿದದ್ದು 14 ರೂಪಾಯಿ. ಅಡಿಕೆ ಸುಲಿಯಲು ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂದು ಯಾರೋ ನಗುತ್ತಿದ್ದೀರಿ. ನಗಬೇಕಾದ್ದೇ!

ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಸಾವಿರಾರು ಹೆಂಗಸರು ಕ್ರೋಶಾ ಲೇಸು ಹಾಕುತ್ತ ಬಂದಿದ್ದಾರೆ. ಅಲ್ಲಿಗೂ ಅದು ಮಿಷನರಿಗಳ ಮೂಲಕ ಬಂದದ್ದು. ಜರ್ಮನಿಯ ಮರಿಯಾ ಮೀಸ್ ಎಂಬ ವಿದುಷಿ ಅವರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಲೇಸು ಹೊರದೇಶಕ್ಕೆ ಹೋಗುತ್ತಿತ್ತು, ವ್ಯಾಪಾರದ ಲಾಭ ಗಂಡಸರ ಕೈಯಲ್ಲಿತ್ತು. ಮನೆಗೆಲಸದ ಮೇಲೆ ದಿನಕ್ಕೆ ಆರೆಂಟು ಗಂಟೆ ಲೇಸು ಹಾಕಿದವಳು ಮಾತ್ರ 'ಮನೆಯಲ್ಲೇ ಇರುವ ಗೃಹಿಣಿ'. ಅವಳದು ಬಿಡುವಿನ ಹವ್ಯಾಸ! ನಮ್ಮ ಜಿಲ್ಲೆಯ ಬೀಡಿ ಕಟ್ಟುವವರ ಕತೆಯೂ ಇದೇ ಆಗುತ್ತಿತ್ತು. ಆದರೆ ಅವರು ಸಂಘ ಕಟ್ಟಿ ಹೋರಾಡಿದರು, ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಕಾಯಿದೆ ಒಪ್ಪಿಕೊಂಡಿತು. ಕ್ರೋಶಾದವಳಿಗೆ ಅದೂ ಆಗಿಲ್ಲ. ಹಾಗಾಗಿ 'ಟೈಂಪಾಸಿಗೆ ಹಾಕುತ್ತೇನೆ' ಎಂಬ ಮಾತನ್ನು ದಯವಿಟ್ಟು ಬಿಡಿ.

ಆ ಮಾತು ಎಲ್ಲಿಗೆ ಮುಟ್ಟುತ್ತದೆ ನೋಡಿ. ನನಗೆ ಪರಿಚಯದ ಒಬ್ಬ ಹೆಣ್ಣುಮಗಳು, ಊರು ಹೆಸರು ಬೇಡ. ತವರಿನಿಂದ ತಂದ ಚಿನ್ನವನ್ನು ಗಂಡ ವರ್ಷದೊಳಗೆ ಅಡವಿಟ್ಟಿದ್ದ. ಮಕ್ಕಳು ಮಲಗಿದ ಮೇಲೆ ಕೂತು ಇವಳು ಎರಡು ಹೊದಿಕೆ ಹಾಕಿದಳು. ಒಂದನ್ನು ನೆಂಟರೊಬ್ಬರು ಕೊಂಡರು. ದುಡ್ಡು ಗಂಡನ ಜೇಬಿಗೆ ಹೋಯಿತು. ಕೇಳಿದ್ದಕ್ಕೆ, "ನನ್ನ ಮನೆಯಲ್ಲಿ, ನನ್ನ ಕರೆಂಟಿನಲ್ಲಿ ಕೂತು ಹಾಕಿದ್ದು, ನಿನ್ನದು ಹೇಗೆ?" ಎಂದು ಕೆನ್ನೆಗೆ ಹೊಡೆದ. ಅದು ಮೊದಲ ಪೆಟ್ಟಲ್ಲ. ಕೊನೆಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಳು. ದೂರು ಬರೆಸುವಾಗ ನಾನು ಪಕ್ಕದಲ್ಲಿದ್ದೆ. ಚಿನ್ನದ ಪಟ್ಟಿ ಕೇಳಿದರು. ಯಾವ ಕಾಗದವೂ ಇರಲಿಲ್ಲ, ಮದುವೆಯ ಆಲ್ಬಮ್ಮಿನ ಫೋಟೋಗಳೇ ಗತಿ. ಆಗ ಅವಳು, "ಒಂದು ಉಲ್ಲನ್ ಹೊದಿಕೆ ಅಲ್ಲೇ ಇದೆ, ಅದನ್ನೂ ಬರೆಯಿರಿ" ಎಂದಳು. ಬರೆಯುತ್ತಿದ್ದವರು ತಲೆಯೆತ್ತಿ ನೋಡಿದರು. "ನೂಲಿಗೆ ಸಂಘದಿಂದ ಸಾಲ ತೆಗೆದಿದ್ದೇನೆ, ಪುಸ್ತಕದಲ್ಲಿದೆ" ಎಂದಳು. ಅವಳ ಕೈಯಲ್ಲಿ ಲೆಕ್ಕವಿದ್ದ ಒಂದೇ ಒಂದು ಸಾಮಾನು ಅದು. ಚಿನ್ನ ಪೂರ್ತಿ ಬರಲಿಲ್ಲ. ಹೊದಿಕೆ ಬಂತು.

ಅವಳು ಕೇಳಿದ್ದು ಹಟದ ಮಾತಲ್ಲ, ಕಾನೂನಿನ ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಮಿನ ಪ್ರಕಾರ ಹೆಣ್ಣು ತನ್ನ ಸ್ವಂತ ಕೌಶಲದಿಂದ, ದುಡಿಮೆಯಿಂದ ಗಳಿಸಿದ್ದು ಅವಳದೇ ಪೂರ್ಣ ಸ್ವತ್ತು. ಸ್ತ್ರೀಧನ ಗಂಡನ ಮನೆಯಲ್ಲಿದ್ದರೂ ಅವನದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಎಲ್ಲ ಜಾತಿ ಧರ್ಮದವರಿಗೂ ಅನ್ವಯಿಸುತ್ತದೆ. ಹೊಡೆತ ಬೈಗುಳ ಮಾತ್ರವಲ್ಲ, ದುಡ್ಡು ಸಾಮಾನು ಕಿತ್ತುಕೊಂಡು ಬರಿಗೈ ಮಾಡುವುದೂ ಅದರಲ್ಲಿ ದೌರ್ಜನ್ಯವೇ. ಸ್ತ್ರೀಧನವನ್ನು ಹಿಂತಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ದೂರು ಕೊಡಬೇಕಾದ್ದು ಸಂರಕ್ಷಣಾಧಿಕಾರಿಗೆ. ನಮ್ಮ ರಾಜ್ಯದಲ್ಲಿ ಸಿಡಿಪಿಒಗಳಿಗೂ ಆ ಅಧಿಕಾರವಿದೆ, ನಿಮ್ಮ ಅಂಗನವಾಡಿ ಟೀಚರಿಗೆ ಆ ಕಚೇರಿ ಗೊತ್ತು. ರಾತ್ರಿಯಾದರೆ 112, ಇಲ್ಲವೇ 181ಕ್ಕೆ ಫೋನ್ ಮಾಡಿ.

ಮಗಳ ಮದುವೆ ಹತ್ತಿರವಿರುವವರು ಇನ್ನೊಂದು ಕೇಳಿ. ಕೇಳಿ ತೆಗೆದುಕೊಳ್ಳುವುದು ವರದಕ್ಷಿಣೆ, ಅದು 1961ರಿಂದ ಅಪರಾಧ. ಪ್ರೀತಿಯಿಂದ ಕೊಡುವ ಉಡುಗೊರೆಗೂ ಪಟ್ಟಿ ಮಾಡಬೇಕೆಂದು 1985ರ ನಿಯಮ ಹೇಳುತ್ತದೆ: ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ. ಕೆಳಗೆ ಹೆಣ್ಣು ಗಂಡು ಇಬ್ಬರ ಸಹಿ. ಹೆಣ್ಣಿಗೆ ಬಂದದ್ದರ ಪಟ್ಟಿ ಹೆಣ್ಣಿನ ಹತ್ತಿರವೇ ಇರಬೇಕು. ಮದುವೆಯ ಮನೆಯಲ್ಲಿ ಪಟ್ಟಿಯೇ, ಅಪಶಕುನ ಎನ್ನುತ್ತಾರೆ. ಮುಯ್ಯಿಯ ಹಣವನ್ನು ಮಾತ್ರ ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಅದಕ್ಕೆ ಶಕುನ ನೋಡುವುದಿಲ್ಲ. (ಅರ್ಜಿಯಲ್ಲಿ 'ಮನೆ ರಿಪೇರಿ' ಎಂದು ಬರೆದು ಸಂಘದ ಸಾಲವನ್ನೇ ವರದಕ್ಷಿಣೆಗೆ ಕೊಡುವುದೂ ಕಂಡಿದೆ. ವಾರವಾರ ಕಂತು ಕಟ್ಟುವವಳು ತಾಯಿ.)

ಕ್ರೋಶಾ ಹಾಕಿದರೆ ಹೊಡೆತ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ, ಅಷ್ಟು ಸುಲಭವಿಲ್ಲ. ಆದರೆ ಒಂದು ಗಮನಿಸಿದ್ದೇನೆ. ಮುಖಕ್ಕೆ ಮುಖ ಕೊಟ್ಟು ಕೇಳಿದರೆ "ಏನಿಲ್ಲ ಮೇಡಂ, ಬಿದ್ದದ್ದು" ಎನ್ನುವವಳು, ಕಣ್ಣು ಕಡ್ಡಿಯ ಮೇಲಿದ್ದಾಗ ಮೆಲ್ಲಗೆ ನಿಜ ಹೇಳುತ್ತಾಳೆ. ಹಾಗಾಗಿ ಮನೆಮನೆಯಲ್ಲಿ ಒಬ್ಬೊಬ್ಬರೇ ಹಾಕಬೇಡಿ. ವಾರದ ಸಭೆಯಲ್ಲಿ ಒಂದು ಗಂಟೆ ಒಟ್ಟಿಗೆ ಕೂತು ಹಾಕಿ. ಚೌಕ ಚಿಕ್ಕದು, ಎಲ್ಲಿಗೂ ತರಬಹುದು. ಮನೆಯಲ್ಲಿ ಇಡಲು ಹೆದರುವವರ ಚೌಕಗಳು ಸಂಘದ ಪೆಟ್ಟಿಗೆಯಲ್ಲಿರಲಿ, ಉಳಿತಾಯದ ಹಣದ ಹಾಗೆ.

ಹೊಸ ಪುಸ್ತಕವೊಂದು ತೆಗೆಯಿರಿ. ಹೆಸರು, ನೂಲಿನ ತೂಕ, ಕೊಟ್ಟ ದುಡ್ಡು, ಹಿಡಿದ ಗಂಟೆ, ಮಾರಿದ ಬೆಲೆ. ದುಡ್ಡು ಹಾಕಿದವಳ ಸ್ವಂತ ಖಾತೆಗೇ ಹೋಗಬೇಕು, ಜಂಟಿ ಖಾತೆಗಲ್ಲ. ಗಂಟೆಗೆ 14 ರೂಪಾಯಿ ಎಂದು ಬರೆಯಲು ನಾಚಿಕೆಯಾದರೆ ಬೆಲೆ ಏರಿಸಿ. ಇವತ್ತಿನ ತರಬೇತಿಗೆ ತಂದ ನೂಲಿನ ಬಿಲ್ಲು ಯಾರ ಹತ್ತಿರ ಇದೆ? ಅದನ್ನು ಮೊದಲ ಪುಟಕ್ಕೆ ಅಂಟಿಸಿ, ಆಮೇಲೆ ಚಹಾ ಕುಡಿಯೋಣ.