ಪ್ರಾಚೀನ ಇಸ್ರಾಯೇಲ್ಯರ ಹನ್ನೆರಡು ಕುಲಗಳು

(ಜ್ಯೂಬಿಲಿ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವವನ್ನು ನಾವು 'ಜ್ಯೂಬಿಲಿ' ಎಂದು ಕರೆಯುತ್ತಲಿರುವೆವು. ಈ ಶಬ್ದವು ಇಂಗ್ಲಿಷರ ಮುಖಾಂತರವಾಗಿ ನಮಗೆ ಬಂದಿತಾದರೂ ಇದರ ಮೂಲವು ಇಬ್ರಿಯ ಭಾಷೆಯ 'ಯೋಬೇಲ್' ಎಂಬುದು. ಯೋಬೇಲ್ ಎಂದರೆ ಟಗರು. ಅದರಿಂದ ಟಗರಿನ ಕೊಂಬಿನ ಕಹಳೆ ಎಂಬರ್ಥವು ಬಂದಿತು. ಏಳೇಳು ನಾಲ್ವತ್ತೊಂಬತ್ತು ವರ್ಷಗಳು ಕಳೆಯಲಾಗಿ, 50ನೆಯ ವರ್ಷದ ಏಳನೆಯ ತಿಂಗಳ ಹತ್ತನೆಯ ದಿನ ದೇಶದಲ್ಲೆಲ್ಲಾ ಕೊಂಬನ್ನೂದಬೇಕು. ಆ ವರ್ಷದಲ್ಲಿ ಮಾರಿದ ಹೊಲವು ಮೊದಲಿನ ಒಡೆಯನ ಮನೆತನಕ್ಕೆ ತಿರುಗಿ ಸೇರಬೇಕು. ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆಯಾಗಿ ತನ್ನವರನ್ನು ಕೂಡಬೇಕು. ಇದು ಅವರ ಯಾಜಕಕಾಂಡದ 25ನೆಯ ಅಧ್ಯಾಯದ ವಿಧಿ. ಹಾಗಾದರೆ 'ತನ್ನವರು' ಎಂದರೆ ಯಾರು? ಭೂಮಿಯು ಯಾರಿಗೆ ತಿರುಗಿ ಸೇರಬೇಕು? ಇದನ್ನು ತಿಳಿಯಬೇಕಾದರೆ ಆ ಜನರ ಕುಲವ್ಯವಸ್ಥೆಯನ್ನು ವಿಚಾರಿಸುವುದು ಅವಶ್ಯವಾಗಿದೆ.

ಮೊದಲು ಶಬ್ದಾರ್ಥವನ್ನು ನೋಡೋಣ. ಕನ್ನಡ ಬೈಬಲಿನಲ್ಲಿ 'ಕುಲ' ಎಂದು ಅನುವಾದಿಸಿರುವಲ್ಲಿ ಮೂಲದಲ್ಲಿ 'ಶೇವೆಟ್' ಎಂದೂ 'ಮಟ್ಟೆ' ಎಂದೂ ಎರಡು ಶಬ್ದಗಳುಂಟು. ಎರಡಕ್ಕೂ ಕೋಲು, ದಂಡ ಎಂದೇ ಅರ್ಥ. ಕುಲದ ಮುಖ್ಯಸ್ಥನು ಹಿಡಿಯುವ ದಂಡವೇ ಕುಲಕ್ಕೆ ಹೆಸರಾಯಿತೆಂದು ಊಹಿಸಬಹುದು. ಕುಲದೊಳಗೆ ಗೋತ್ರ, ಗೋತ್ರದೊಳಗೆ ತಂದೆಯ ಮನೆ, ಮನೆಯೊಳಗೆ ಮನುಷ್ಯ, ಹೀಗೆ ಒಂದರೊಳಗೊಂದು ಅಡಗಿರುವ ಕ್ರಮವಿದು. ಇಲ್ಲಿ ಕುಲವೆಂದರೆ ಕಸುಬಿನಿಂದಾದ ಭೇದವಲ್ಲ, ಮೇಲುಕೀಳಿನ ಮೆಟ್ಟಿಲೂ ಅಲ್ಲ. ಲೇವಿಯ ಕುಲವೊಂದಕ್ಕೆ ಮಾತ್ರ ದೇವಸೇವೆಯು ವಂಶಪಾರಂಪರ್ಯವಾಗಿ ನಿಯತವಾಗಿತ್ತು.

ಪರಂಪರೆಯ ಪ್ರಕಾರ ಈ ಕುಲಗಳು ಇಸ್ರಾಯೇಲನೆಂಬ ಮರುಹೆಸರುಳ್ಳ ಯಾಕೋಬನ ಹನ್ನೆರಡು ಮಕ್ಕಳಿಂದ ಹುಟ್ಟಿದುವು. ಆ ಮಕ್ಕಳ ತಾಯಂದಿರು ನಾಲ್ವರು: ಲೇಯ, ರಾಹೇಲ ಎಂಬ ಅಕ್ಕತಂಗಿಯರು, ಬಿಲ್ಹ, ಜಿಲ್ಪ ಎಂಬ ದಾಸಿಯರು. ದಾಸಿಯರ ಹೊಟ್ಟೆಯಲ್ಲಿ ಹುಟ್ಟಿದ ದಾನ್, ನಫ್ತಾಲಿ, ಗಾದ್, ಆಶೇರ್ ಇವರ ಸಂತತಿಗೂ ಉಳಿದವರಂತೆಯೇ ಭೂಮಿಯ ಪಾಲು ಸಂದಿತೆಂಬುದನ್ನು ಲಕ್ಷ್ಯದಲ್ಲಿಡಬೇಕು. ಲೇವಿಯರಿಗೆ ಪ್ರತ್ಯೇಕ ಸೀಮೆಯಿಲ್ಲ. ಎಲ್ಲ ಕುಲಗಳ ನಡುವೆ ಹಂಚಿಹೋದ 48 ಊರುಗಳೇ ಅವರ ವಾಸಸ್ಥಾನ, ಜನರು ಕೊಡುವ ದಶಮಾಂಶವೇ ಅವರ ಜೀವನ. ಹೀಗೆ ಒಂದು ಪಾಲು ತಪ್ಪಿದಾಗ ಯೋಸೇಫನ ಮಕ್ಕಳಾದ ಮನಸ್ಸೆ, ಎಫ್ರಾಯೀಮ್ ಇಬ್ಬರನ್ನೂ ಎರಡು ಕುಲಗಳಾಗಿ ಎಣಿಸಿ ಹನ್ನೆರಡರ ಸಂಖ್ಯೆಯನ್ನು ಉಳಿಸಿಕೊಂಡರು.

ಆಧುನಿಕ ವಿದ್ವಾಂಸರು ಈ ವಂಶಾವಳಿಯನ್ನು ಅಕ್ಷರಶಃ ಚರಿತ್ರೆಯೆಂದು ಎಣಿಸುವುದಿಲ್ಲ. ಈಜಿಪ್ಟಿನ ಅರಸನಾದ ಮೆರ್ನೆಪ್ತನ ಶಿಲಾಶಾಸನದಲ್ಲಿ, ಅಂದರೆ ಸುಮಾರು ಕ್ರಿ. ಪೂ. 1208ರಲ್ಲಿ, ಇಸ್ರಾಯೇಲ್ ಎಂಬ ಹೆಸರು ಒಂದು ಪಟ್ಟಣದ ಹೆಸರಾಗಿರದೆ ಒಂದು ಜನಾಂಗದ ಹೆಸರಾಗಿ ಬಂದಿದೆ. ಆದರೆ ಕುಲಗಳ ಮಾತು ಅಲ್ಲಿಲ್ಲ. ಅತಿ ಪ್ರಾಚೀನವೆಂದು ಹಲವರು ಎಣಿಸುವ ದೆಬೋರಳ ಗೀತದಲ್ಲಿ ಹತ್ತು ಹೆಸರುಗಳು ಮಾತ್ರ ಇರುವುವು. ಯೆಹೂದ, ಸಿಮೆಯೋನ್, ಲೇವಿ ಇವರ ಸುದ್ದಿಯೇ ಇಲ್ಲ. ಆದಕಾರಣ ಬೇರೆ ಬೇರೆ ಜನಗಳು ಕಾಲಕ್ರಮದಲ್ಲಿ ಕೂಡಿ, ತಾವು ಒಬ್ಬ ತಂದೆಯ ಮಕ್ಕಳೆಂದು ಒಪ್ಪಿಕೊಂಡಿರಬೇಕೆಂದು ಅನೇಕ ಪಂಡಿತರ ಅಭಿಪ್ರಾಯ. ಗ್ರಂಥದಲ್ಲಿಯೇ ಇದಕ್ಕೆ ಆಧಾರವುಂಟು: ಕೆನಿಜ್ಜೀಯನಾದ ಕಾಲೇಬನು ಯೆಹೂದ ಕುಲದ ಮುಖ್ಯಸ್ಥನಾಗಿ ಎಣಿಸಲ್ಪಟ್ಟನು; ಮೋವಾಬ್ ದೇಶದ ರೂತಳು ಅದೇ ಕುಲಕ್ಕೆ ಸೊಸೆಯಾಗಿ ಬಂದು ದಾವೀದರಾಜನ ಮುತ್ತಜ್ಜಿಯಾದಳು.

ಇನ್ನು ಕುಲಕ್ಕೂ ಧರ್ಮಕ್ಕೂ ಇದ್ದ ಸಂಬಂಧವನ್ನು ನೋಡೋಣ. ಅರಣ್ಯದಲ್ಲಿ ಪಾಳೆಯವನ್ನಿಳಿಸುವಾಗ ದಿಕ್ಕಿಗೆ ಮೂರರಂತೆ ಹನ್ನೆರಡು ಕುಲಗಳೂ ಸುತ್ತಲಿರಬೇಕು. ದೇವದರ್ಶನದ ಗುಡಾರವು ನಟ್ಟನಡುವೆ ಇರಬೇಕು. ಮಹಾಯಾಜಕನು ಪವಿತ್ರಸ್ಥಾನಕ್ಕೆ ಹೋಗುವಾಗ ಹನ್ನೆರಡು ರತ್ನಗಳಲ್ಲಿ ಹನ್ನೆರಡು ಹೆಸರುಗಳನ್ನು ಕೆತ್ತಿದ ಪದಕವನ್ನು ಎದೆಯ ಮೇಲೆ ಧರಿಸಬೇಕು. ದೇವರ ಸನ್ನಿಧಿಯಲ್ಲಿಡುವ ರೊಟ್ಟಿಗಳೂ ಹನ್ನೆರಡೇ. ಯಾವ ಕುಲವೂ ನಡುವಿನ ಸ್ಥಾನವನ್ನು ತನ್ನದೆನ್ನುವಂತಿಲ್ಲ. ಯಾವ ಕುಲದ ಹೆಸರನ್ನೂ ಬಿಟ್ಟು ಯಾಜಕನು ಒಳಗೆ ಹೋಗುವಂತಿಲ್ಲ. ಸಮತ್ವವನ್ನು ಬಾಯಿಂದ ಹೇಳಿದ್ದಕ್ಕಿಂತ ಹೆಚ್ಚಾಗಿ ಆಚರಣೆಯಿಂದಲೇ ಜನರಿಗೆ ಕಲಿಸಿದ ಬಗೆಯಿದು.

ಭೂಮಿಯನ್ನು ಶೀಲೋವಿನಲ್ಲಿ ಚೀಟು ಹಾಕಿ ಹಂಚಿದರೆಂದು ಹೇಳಿದೆ. ಭೂಮಿಯು ದೇವರದು, ಮನುಷ್ಯನು ಅದರಲ್ಲಿ ಪರವಾಸಿಯಂತೆ ಇರುವವನು ಎಂಬುದೇ ಅವರ ಸಿದ್ಧಾಂತ. ಮಾರಾಟವೆಂದರೆ ಮುಂದಿನ ಯೋಬೇಲ್ ವರ್ಷದವರೆಗಿನ ಬೆಳೆಗಳ ಮಾರಾಟವಷ್ಟೆ. ಉಳಿದ ವರ್ಷಗಳನ್ನೆಣಿಸಿಯೇ ಬೆಲೆ ಕಟ್ಟಬೇಕು. ಮನಸ್ಸೆ ಕುಲದ ಚಲ್ಪಹಾದನು ಗಂಡುಮಕ್ಕಳಿಲ್ಲದೆ ಸತ್ತಾಗ ಅವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಿದರು. ಅವರ ಮಾತು ನ್ಯಾಯವೆಂದು ತೀರ್ಪಾಯಿತು. ಬಳಿಕ ಕುಲದ ಹಿರಿಯರು, ಈ ಕನ್ಯೆಯರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ಭೂಮಿಯೂ ಹೋಗುವುದಲ್ಲಾ ಎಂದು ಆಕ್ಷೇಪಿಸಲು, ಸ್ವಕುಲದಲ್ಲಿಯೇ ವಿವಾಹವಾಗಬೇಕೆಂಬ ಕಟ್ಟು ಸೇರಿತು. ಹೀಗೆ ಕುಲವು ಹೆಣ್ಣಿಗೆ ಹಕ್ಕನ್ನೂ ಕೊಟ್ಟಿತು, ಆ ಹಕ್ಕಿಗೆ ಬೇಲಿಯನ್ನೂ ಹಾಕಿತು. ಕುಲದ ಗುಣದೋಷಗಳೆರಡೂ ಇದೊಂದು ಪ್ರಸಂಗದಲ್ಲಿ ಕಾಣುವುವು.

ದೋಷವು ಇನ್ನೂ ಘೋರರೂಪದಲ್ಲಿ ಪ್ರಕಟವಾದುದುಂಟು. ಗಿಲ್ಯಾದಿನವರಿಗೂ ಎಫ್ರಾಯೀಮ್ಯರಿಗೂ ಯುದ್ಧವಾದಾಗ ಯೊರ್ದನ್ ಹೊಳೆಯ ಕಡವುಗಳಲ್ಲಿ ಕಾವಲಿಟ್ಟು, ದಾಟಬಂದವರಿಂದ 'ಶಿಬ್ಬೋಲೆತ್' ಎಂಬ ಶಬ್ದವನ್ನು ಹೇಳಿಸುತ್ತಿದ್ದರಂತೆ. ಶಕಾರವನ್ನು ಸಕಾರವಾಗಿ ಉಚ್ಚರಿಸಿದವನನ್ನು ಅಲ್ಲಿಯೇ ಕೊಲ್ಲುತ್ತಿದ್ದರಂತೆ. ಹಾಗೆ 42,000 ಜನರು ಮಡಿದರೆಂದು ನ್ಯಾಯಸ್ಥಾಪಕರ ಗ್ರಂಥವು ಹೇಳುವುದು. ಒಂದೇ ತಂದೆಯ ಮಕ್ಕಳೆಂದು ಹೇಳಿಕೊಳ್ಳುವವರಿಗೆ ಒಂದು ವ್ಯಂಜನದ ಭೇದವು ಪ್ರಾಣಾಂತಕವಾಯಿತು! ಅದೇ ಗ್ರಂಥದ ಕೊನೆಯಲ್ಲಿ, ಗಿಬೆಯದ ದುಷ್ಟರನ್ನು ಒಪ್ಪಿಸದೆ ಬೆನ್ಯಾಮೀನ್ಯರು ಕುಲಾಭಿಮಾನದಿಂದ ಕಾದಿ, 600 ಗಂಡಸರ ಹೊರತು ಇಡೀ ಕುಲವೇ ನಾಶವಾದ ಕಥೆಯುಂಟು.

ಅರಸೊತ್ತಿಗೆಯು ಬಂದ ಮೇಲೆ ಕುಲಗಳ ಬಲವು ಕುಗ್ಗಿತು. ಸೊಲೊಮೋನನು ದೇಶವನ್ನು ಹನ್ನೆರಡು ಪ್ರಾಂತಗಳಾಗಿ ಮಾಡಿ, ಒಂದೊಂದು ಪ್ರಾಂತವು ಒಂದೊಂದು ತಿಂಗಳು ಅರಮನೆಗೆ ಆಹಾರ ಒದಗಿಸಬೇಕೆಂದು ಗೊತ್ತುಮಾಡಿದನು. ದೇವಸನ್ನಿಧಿಯ ಹನ್ನೆರಡು ಅರಮನೆಯ ಹನ್ನೆರಡಾಯಿತು. ಆತನ ತರುವಾಯ, ಸುಮಾರು ಕ್ರಿ. ಪೂ. 930ರಲ್ಲಿ, ಹೊರೆಯನ್ನು ತಾಳಲಾರದೆ ಹತ್ತು ಕುಲಗಳು ಬೇರೆಯಾದುವು. ಆ ಉತ್ತರರಾಜ್ಯದಲ್ಲಿ ಅಹಾಬನು ನಾಬೋತನ ದ್ರಾಕ್ಷಿಯ ತೋಟವನ್ನು ಕೇಳಿದಾಗ, ಪಿತ್ರಾರ್ಜಿತವನ್ನು ಕೊಡಲಾರೆನೆಂದ ಆ ಒಕ್ಕಲಿಗನನ್ನು ಸುಳ್ಳುಸಾಕ್ಷಿಯಿಂದ ಕಲ್ಲೆಸೆದು ಕೊಲ್ಲಿಸಲಾಯಿತು. ಯೋಬೇಲ್ ವರ್ಷವು ಯಥಾವಿಧಿಯಾಗಿ ಆಚರಿಸಲ್ಪಟ್ಟ ಕಥೆಯು ಅವರ ಶಾಸ್ತ್ರದಲ್ಲೆಲ್ಲಿಯೂ ಬರುವುದಿಲ್ಲ. ನಾಬೋತನ ಕಥೆಯಾದರೋ ವಿಸ್ತಾರವಾಗಿಯೇ ಬಂದಿದೆ. ವಿಧಿಯು ಇರುವುದು ಬೇರೆ, ಅದು ನಡೆಯುವುದು ಬೇರೆ.

ಆ ಅರಸನನ್ನು ಇದಿರಿಸಿದ ಪ್ರವಾದಿ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಬಿದ್ದ ವೇದಿಕೆಯನ್ನು ಕಟ್ಟಿದುದು ಎಷ್ಟು ಕಲ್ಲುಗಳಿಂದ? ತನ್ನ ರಾಜ್ಯದ ಹತ್ತು ಕುಲಗಳಿಗಾಗಿ ಹತ್ತರಿಂದಲ್ಲ, ಹನ್ನೆರಡರಿಂದ. ರಾಜ್ಯವು ಒಡೆದಿದ್ದರೂ ವೇದಿಕೆಯು ಒಡೆಯಬಾರದೆಂದು ಅದರ ಭಾವ. ಸುಮಾರು ಕ್ರಿ. ಪೂ. 722ರಲ್ಲಿ ಸಮಾರ್ಯವು ಅಶ್ಶೂರ್ಯರ ವಶವಾಯಿತು; 27,000ಕ್ಕೂ ಮಿಕ್ಕ ಜನರನ್ನು ಸೆರೆಯೊಯ್ದೆನೆಂದು ಸರ್ಗೋನರಾಜನು ಶಾಸನದಲ್ಲಿ ಬರೆಯಿಸಿದ್ದಾನೆ. ಸೆರೆಹೋದವರು ಹೊರದೇಶಗಳ ಜನರಲ್ಲಿ ಬೆರೆತುಹೋದರು. ಯೆರೂಸಲೇಮು ಕ್ರಿ. ಪೂ. 586ರಲ್ಲಿ ಬಾಬೆಲಿನವರಿಂದ ಹಾಳಾಯಿತು. ಅಲ್ಲಿಂದ ಮರಳಿ ಬಂದವರು ಬಹುಮಟ್ಟಿಗೆ ಯೆಹೂದ, ಬೆನ್ಯಾಮೀನ್, ಲೇವಿ ಕುಲದವರು. ಅವರು ಕ್ರಿ. ಪೂ. 515ರ ಸುಮಾರಿಗೆ ದೇವಾಲಯವನ್ನು ಪುನಃ ಕಟ್ಟಿ ಪ್ರತಿಷ್ಠಿಸುವಾಗ ದೋಷಪರಿಹಾರಕ್ಕಾಗಿ ಅರ್ಪಿಸಿದ ಹೋತಗಳು ಹನ್ನೆರಡು. ಇಲ್ಲದ ಅಣ್ಣತಮ್ಮಂದಿರ ಪಾಲನ್ನೂ ಇದ್ದವರು ಸಲ್ಲಿಸಿದರು.

ಸೆರೆವಾಸದಲ್ಲಿದ್ದ ಪ್ರವಾದಿ ಯೆಹೆಜ್ಕೇಲನು ಮುಂದಣ ಕಾಲದ ಭೂವಿಭಾಗವನ್ನು ವರ್ಣಿಸುತ್ತಾ ಹೊಸದೊಂದು ಮಾತನ್ನು ಸೇರಿಸಿರುವನು: ಮಕ್ಕಳುಮರಿಗಳೊಡನೆ ನೆಲಸಿದ ಪರದೇಶಿಗೆ, ಅವನು ಯಾವ ಕುಲದ ಸೀಮೆಯಲ್ಲಿರುವನೋ ಆ ಕುಲದಲ್ಲಿಯೇ ಪಾಲು ಕೊಡತಕ್ಕದ್ದು. ತಾನು ನೆಲೆ ತಪ್ಪಿ ಪರದೇಶಿಯಾದವನಿಗೇ ಪರದೇಶಿಯ ಕಷ್ಟವು ತಿಳಿಯಿತು.

ಮಹಾಜನರೇ, ನೆನಪು ಹಿರಿದಾದಾಗ ಹನ್ನೆರಡು ಕುಲಗಳು ಒಂದು ವೇದಿಕೆಯಾದುವು. ಅಭಿಮಾನವು ಹಿರಿದಾದಾಗ ಒಂದು ಅಕ್ಷರವೇ ಕತ್ತಿಯಾಯಿತು. ಕೊಂಬನ್ನೂದುವುದು ಸುಲಭ, ಕೊಂಬಿನ ಧ್ವನಿಯನ್ನು ಕೇಳಿ ಹೊಲವನ್ನು ಬಿಟ್ಟುಕೊಡುವುದು ಕಷ್ಟ. ಜ್ಯೂಬಿಲಿ ಎಂಬ ಶಬ್ದವನ್ನು ಆ ಜನರಿಂದ ಪಡೆದಿರುವ ನಾವು ಅದರ ಅರ್ಥವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಯುಕ್ತವೆಂದು ವಿಜ್ಞಾಪಿಸುತ್ತೇನೆ.