ಮೆಂಫಿಸಿನ ಕಸದ ಕೆಲಸಗಾರರೂ ಅವರ ಪಾದ್ರಿಗಳೂ

(ಕಾರ್ಮಿಕರ ವಾಚನಾಲಯದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹೋದ ತಿಂಗಳು ನೂಲಿನ ಖಾತೆಯಲ್ಲಿ ದುಡಿಯುವ ಕ್ರೈಸ್ತ ಸಂಗಾತಿಯೊಬ್ಬರು ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ ಒಂದು ಮಾತು ಕೇಳಿದರು. "ಅಣ್ಣನವರೇ, ಆದಿತ್ಯವಾರ ಚರ್ಚಿಗೆ ಹೋಗುತ್ತೇನೆ, ಸೋಮವಾರ ಸಂಘಕ್ಕೆ ಬರುತ್ತೇನೆ. ಅಲ್ಲಿ ಸಂಘದ ಮಾತೆತ್ತಿದರೆ ಇದು ದೇವರ ಮನೆ, ಸುಮ್ಮನಿರು ಎನ್ನುತ್ತಾರೆ. ಇಲ್ಲಿ ದೇವರ ಮಾತೆತ್ತಿದರೆ ನೀವೆಲ್ಲ ನಗುತ್ತೀರಿ. ನಾನೇನು ಎರಡು ಆಳಾಗಿ ಬಾಳಬೇಕೆ?"

ನಕ್ಕವರಲ್ಲಿ ನಾವೂ ಒಬ್ಬರು. ಆದುದರಿಂದ ಉತ್ತರ ಕೊಡುವ ಹೊಣೆ ನಮ್ಮ ಮೇಲೆಯೇ ಇದೆ. ದೇವರು ಇದ್ದಾನೆಯೋ ಇಲ್ಲವೋ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಅದು ಈ ಹೊತ್ತಿನ ಕೆಲಸವಲ್ಲ. ದೇವರನ್ನು ನಂಬಿದವರು ಒಂದು ಊರಿನಲ್ಲಿ, ಒಂದು ಮುಷ್ಕರದಲ್ಲಿ, 65 ದಿನಗಳ ಕಾಲ ಏನು ಮಾಡಿದರು, ಏನು ಮಾಡಲಿಲ್ಲ ಎಂಬುದನ್ನು ಹೇಳುತ್ತೇವೆ. ಅದರಲ್ಲಿ ಅಂಗಡಿಕಾರ ಮಿತ್ರರು ಕೇಳಿಸಿಕೊಳ್ಳಬೇಕಾದುದೂ ಇದೆ.

ಅಮೆರಿಕದ ಟೆನೆಸಿ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಮೆಂಫಿಸ್ ಎಂಬ ಪಟ್ಟಣವಿದೆ. ಹತ್ತಿಯ ಪೇಟೆಯಿಂದ ಬೆಳೆದ ಊರು. ಹತ್ತಿಯ ಧಾರಣೆಯಿಂದ ಊರಿನ ಉಸಿರು ಏರಿಳಿಯುವುದು ಎಂತಹದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿ ತಪ್ಪಿದ ಕರಿಯರು ಪಟ್ಟಣಕ್ಕೆ ಬಂದರೆ ಅವರಿಗೆ ಸಿಗುತ್ತಿದ್ದ ಕೆಲಸಗಳಲ್ಲಿ ಒಂದು, ನಗರಸಭೆಯ ಕಸ ಎತ್ತುವುದು. ಮನೆಗಳ ಹಿತ್ತಲಿಗೆ ಹೋಗಿ ಕಸವನ್ನು ತಗಡಿನ ತೊಟ್ಟಿಗೆ ಸುರಿದುಕೊಂಡು ತಲೆಯ ಮೇಲೋ ಹೆಗಲ ಮೇಲೋ ಹೊತ್ತು ಗಾಡಿಗೆ ಹಾಕಬೇಕು. ತೊಟ್ಟಿ ತೂತಾಗಿದ್ದರೆ ಕೊಳೆತ ನೀರು ಮೈಮೇಲೆಯೇ ಇಳಿಯಬೇಕು. ಬಹುಮಂದಿಗೆ ಗಂಟೆಗೆ ಎರಡು ಡಾಲರಿಗಿಂತ ಕಡಮೆ ಮಜೂರಿ. ವಾರವೆಲ್ಲ ದುಡಿದೂ ಎಷ್ಟೋ ಜನ ಸರ್ಕಾರದ ಬಡವರ ನೆರವಿಗೆ ಕೈಯೊಡ್ಡಬೇಕಾಗಿತ್ತು. ಮಳೆ ಬಂದು ಕೆಲಸ ನಿಂತರೆ ಬಿಳಿಯ ಮೇಲ್ವಿಚಾರಕರಿಗೆ ಪೂರ್ತಿ ದಿನದ ಸಂಬಳ. ಕರಿಯರಿಗೆ ಮನೆಯ ದಾರಿ.

1968ರ ಫೆಬ್ರವರಿ 1ರಂದು ಮಳೆ ಹೊಯ್ಯುತ್ತಿತ್ತು. ಎಖೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬಿಬ್ಬರು ಕೆಲಸಗಾರರು ಗಾಡಿಯ ಮುಂದೆ ಜಾಗವಿಲ್ಲದೆ ಹಿಂದೆ ಕಸ ತುಂಬುವ ಗೂಡಿನೊಳಗೆ ನಿಂತುಕೊಂಡರು. ಗಾಡಿ ಹಳೆಯದು. ಅಂಥವನ್ನು ಬದಲಾಯಿಸಿರೆಂದು ಕೆಲಸಗಾರರು ಮೊದಲೇ ಹೇಳಿದ್ದರು. ಕಸವನ್ನು ಒತ್ತುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಒಳಗೆಳೆದುಕೊಂಡು ಅರೆದುಹಾಕಿತು. ಕಾಯಂ ಪಟ್ಟಿಯಲ್ಲಿ ಇಲ್ಲದವರೆಂದು ಅವರಿಗೆ ಅಪಘಾತದ ಪರಿಹಾರವೂ ಇಲ್ಲ. ಮನೆಯವರ ಕೈಗೆ ಬಂದದ್ದು ಒಂದು ತಿಂಗಳ ಸಂಬಳ ಮತ್ತು ಮಣ್ಣು ಮಾಡುವುದಕ್ಕೆ 500 ಡಾಲರು.

ಫೆಬ್ರವರಿ 12ರಂದು ಸುಮಾರು 1300 ಮಂದಿ ಕೆಲಸಕ್ಕೆ ಹೋಗಲಿಲ್ಲ. ಸಂಘಕ್ಕೆ ಮನ್ನಣೆ ಕೊಡಿ, ಸಂಘದ ವರ್ಗಣಿಯನ್ನು ಸಂಬಳದಲ್ಲಿಯೇ ಹಿಡಿಯಿರಿ, ಮಜೂರಿ ಏರಿಸಿ ಎಂಬುದು ಅವರ ಕೇಳಿಕೆ. ಮೇಯರ್ ಹೆನ್ರಿ ಲೋಬ್ ಆ ವರ್ಷ ಜನವರಿಯಲ್ಲಿ ಅಧಿಕಾರಕ್ಕೆ ಬಂದಿದ್ದವರು. ನಗರಸಭೆಯ ನೌಕರರು ಮುಷ್ಕರ ಹೂಡುವುದೇ ಕಾನೂನುಬಾಹಿರವೆಂದು ಹೇಳಿ ಬದಲಿ ಆಳುಗಳನ್ನು ಹಚ್ಚಿದರು. ಈ ಮಾತು ನಿಮ್ಮಲ್ಲಿ ಯಾರಿಗಾದರೂ ಹೊಸದೆ?

ಇಲ್ಲಿಗೆ ಬಂದಾಗ ಊರಿನ ಪಾದ್ರಿಗಳು ಎಲ್ಲಿದ್ದರು ಎಂದು ಕೇಳಬೇಕು. ಸತ್ಯ ಹೇಳುವುದಾದರೆ ಬಹುಮಂದಿ ತಮ್ಮ ತಮ್ಮ ಚರ್ಚಿನಲ್ಲಿದ್ದರು. ಮರುಕವಿತ್ತು, ಪ್ರಾರ್ಥನೆಯಿತ್ತು. ಕೆಲವು ಬಿಳಿಯ ಪಾದ್ರಿಗಳು ಎರಡು ಕಡೆಯವರನ್ನೂ ಒಂದೆಡೆ ಕೂಡಿಸಿ ರಾಜಿ ಮಾಡಿಸಲು ನೋಡಿ ಸೋತರು. ಫೆಬ್ರವರಿ 22ರಂದು ಕೆಲಸಗಾರರು ನಗರಸಭೆಯ ಸಭಾಂಗಣದಲ್ಲಿಯೇ ಕುಳಿತುಬಿಟ್ಟಾಗ ಅಲ್ಲಿಯೇ ಬ್ರೆಡ್ಡು ಕತ್ತರಿಸಿ ತಿನಿಸು ಮಾಡಿ ಹಂಚಿದರು. ಮಾರನೆಯ ದಿನ ಮೆರವಣಿಗೆ ಹೊರಟಿತು. ಪೊಲೀಸರು ಕಣ್ಣು ಉರಿಸುವ ರಸಾಯನವನ್ನು ಜನರ ಮುಖಕ್ಕೇ ಎರಚಿದರು. ಮೆರವಣಿಗೆಯಲ್ಲಿದ್ದ ಪಾದ್ರಿಗಳ ಮುಖವನ್ನೂ ಬಿಡಲಿಲ್ಲ.

ಅವರಲ್ಲಿ ರಾಲ್ಫ್ ಜ್ಯಾಕ್ಸನ್ ಎಂಬವರಿದ್ದರು. ತಮ್ಮ ಸಭೆಯ ಬಡ ಪಾದ್ರಿಗಳಿಗೆ ಕನಿಷ್ಠ ಸಂಬಳ ಒದಗಿಸುವ ಇಲಾಖೆಯ ಮುಖ್ಯಸ್ಥರು, ಸೌಮ್ಯರು, ಎಲ್ಲರೊಡನೆ ಹೊಂದಿಕೊಂಡು ಹೋಗುವವರು. ಕಣ್ಣಿಗೆ ಉರಿ ಬಿದ್ದ ಮೇಲೆ ಅವರು ಮೊದಲಿನ ಮನುಷ್ಯರಾಗಿ ಉಳಿಯಲಿಲ್ಲ. ಮುಷ್ಕರದ ಮುಂದಾಳುಗಳಲ್ಲಿ ಒಬ್ಬರಾದರು. ನಮಗೆ ಈ ಸಂಗತಿ ಬಹಳ ಹಿಡಿಸಿತು. ಪಾದ್ರಿಗಳ ಉಡುಪು ತಮ್ಮನ್ನು ಕಾಯುತ್ತದೆಂದು ನಂಬಿದ್ದವರಿಗೆ, ಲಾಠಿಯ ಎದುರಿಗೆ ತಾವೂ ಕಸ ಹೊರುವವನೂ ಒಂದೇ ಎಂಬುದನ್ನು ಪೊಲೀಸರೇ ಕಲಿಸಿಕೊಟ್ಟರು!

ಮಾರನೆಯ ದಿನವೇ, ಫೆಬ್ರವರಿ 24ರಂದು, ಪಾದ್ರಿಗಳು ಕೂಡಿ ಒಂದು ಸಮಿತಿ ಮಾಡಿಕೊಂಡರು. ಅಧ್ಯಕ್ಷರು ಜೇಮ್ಸ್ ಲಾಸನ್. ಇವರ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲಾರೆನೆಂದು ಜೈಲು ಕಂಡವರು. ಬಿಡುಗಡೆಯಾದ ಮೇಲೆ 1953ರಲ್ಲಿ ಮೆಥಡಿಸ್ಟ್ ಮಿಶನ್ನಿನಿಂದ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು. ಮೂರು ವರ್ಷ ಇದ್ದು ಗಾಂಧಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿಕೊಂಡು ಹೋದರು. ಮಿಶನ್ನಿನವರು ಈ ದೇಶಕ್ಕೆ ಕಲಿಸಲು ಬಂದರೆಂದೇ ನಾವು ಕೇಳಿದ್ದೇವೆ; ಈತ ಕಲಿತುಕೊಂಡು ಹೋದವರು. ಕಲಿತದ್ದನ್ನು ನ್ಯಾಶ್‌ವಿಲ್ ಪಟ್ಟಣದಲ್ಲಿ ಕರಿಯ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಕರಿಯರಿಗೆ ಊಟ ಕೊಡದ ಹೋಟೆಲುಗಳಲ್ಲಿ ಹೋಗಿ ಕುಳಿತುಕೊಳ್ಳುವುದು, ಹೊಡೆದರೆ ಕೈ ಎತ್ತದಿರುವುದು. ಇದಕ್ಕಾಗಿ ಅವರು ಓದುತ್ತಿದ್ದ ವಿಶ್ವವಿದ್ಯಾಲಯವೇ ಅವರನ್ನು ಹೊರಗೆ ಹಾಕಿತು.

ಈ ಸಮಿತಿ ಮಾಡಿದ ಕೆಲಸ ಉಪನ್ಯಾಸವಲ್ಲ. ಆದಿತ್ಯವಾರದ ಪೂಜೆಯಲ್ಲಿ ಕಾಣಿಕೆಯ ಜೊತೆಗೆ ಮುಷ್ಕರಗಾರರ ಮನೆಗಳಿಗೆಂದು ಹಣ, ಕಾಳು ಎತ್ತಿದರು. ಕ್ಲೇಬಾರ್ನ್ ಟೆಂಪಲ್ ಎಂಬ ಚರ್ಚನ್ನು ದಿನವೂ ತೆರೆದಿಟ್ಟರು. ಮೆರವಣಿಗೆ ಅಲ್ಲಿಂದಲೇ ಹೊರಡುತ್ತಿತ್ತು. ಕೆಲಸಗಾರರು ಕೊರಳಿಗೆ ತೂಗುಹಾಕಿಕೊಂಡ 'ನಾನು ಮನುಷ್ಯ' ಎಂಬ ಫಲಕಗಳು ಅಚ್ಚಾದದ್ದೂ ಆ ಚರ್ಚಿನಲ್ಲಿಯೇ. ದೇವರ ಮನೆಯ ಅಚ್ಚುಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು ಸಿಕ್ಕೀತು?

ಇನ್ನು ಅಂಗಡಿಕಾರ ಮಿತ್ರರ ಮಾತು. ಪಾದ್ರಿಗಳು ಪೂಜಾಪೀಠದಿಂದಲೇ ಸಾರಿದರು: ಪೇಟೆಯ ಅಂಗಡಿಗಳಲ್ಲಿ ಏನನ್ನೂ ಕೊಳ್ಳಬೇಡಿ. ಮೇಯರ ಮನೆತನದ ಬಟ್ಟೆ ಒಗೆಯುವ ಅಂಗಡಿಗಳಿಗೆ ಹೋಗಬೇಡಿ. ಮುಷ್ಕರಗಾರರನ್ನು ಹೀನಾಯವಾಗಿ ಬರೆಯುವ ಎರಡು ಪತ್ರಿಕೆಗಳನ್ನು ತರಿಸಬೇಡಿ. ಈಸ್ಟರ್ ಹಬ್ಬಕ್ಕೆ ಹೊಸ ಬಟ್ಟೆ ಬೇಡ, ಹಳೆಯದನ್ನೇ ಉಡಿ ಎಂದರು. ಈಸ್ಟರ್ ಎಂದರೆ ನಮ್ಮ ಯುಗಾದಿ, ದೀಪಾವಳಿ ಇದ್ದ ಹಾಗೆ; ಜವಳಿ ಅಂಗಡಿಯ ವರ್ಷದ ಲೆಕ್ಕ ನಿಲ್ಲುವುದೇ ಅಂಥ ಹಬ್ಬದ ಮೇಲೆ. ಪೇಟೆ ಭಣಗುಟ್ಟಿತು.

ಇದು ನ್ಯಾಯವೇ ಎಂದು ನೀವು ಕೇಳಬಹುದು. ಮಜೂರಿ ಕೊಡದವನು ಮೇಯರು, ಗಲ್ಲಾ ಬರಿದಾದದ್ದು ವ್ಯಾಪಾರಿಯದು. ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಮೇಯರಿಗೆ ಕಸದವನ ಮಾತು ಕೇಳಿಸುತ್ತಿರಲಿಲ್ಲ, ಪೇಟೆಯವರ ಮಾತು ಕೇಳಿಸುತ್ತಿತ್ತು. ಪೇಟೆಯವರು ಬಾಯಿ ತೆರೆಯಲೆಂದೇ ಆ ಬಹಿಷ್ಕಾರ. ಸಣ್ಣ ವ್ಯಾಪಾರಿಯ ಗಿರಾಕಿ ಯಾರು? ಕೂಲಿ ಪಡೆದವನೇ ಅಲ್ಲವೆ? ಅವನ ಪಗಾರಿಗೆ ಕೊರತೆ ಬಿದ್ದರೆ ನಿಮ್ಮ ಉದ್ರಿ ಪುಸ್ತಕ ದಪ್ಪವಾಗುತ್ತದೆಯೇ ಹೊರತು ಗಲ್ಲಾ ಅಲ್ಲ.

ಲಾಸನ್ ತಮ್ಮ ಹಳೆಯ ಸ್ನೇಹಿತ ಮಾರ್ಟಿನ್ ಲೂಥರ್ ಕಿಂಗರನ್ನು ಕರೆಸಿದರು. ಕಿಂಗರು ಆಗ ದೇಶದ ಬಡವರನ್ನೆಲ್ಲ ರಾಜಧಾನಿಗೆ ಕರೆದೊಯ್ಯುವ ಸಿದ್ಧತೆಯಲ್ಲಿದ್ದರು. ಒಂದೂರಿನ ಕಸದವರ ಜಗಳಕ್ಕೆ ಹೋಗಬೇಡಿರೆಂದು ಜೊತೆಯವರು ಹೇಳಿದರೂ ಕೇಳಲಿಲ್ಲ. 1959ರಲ್ಲಿ ಅವರು ನಮ್ಮ ದೇಶಕ್ಕೆ ಬಂದಿದ್ದಾಗ ನಡೆದದ್ದನ್ನು 1965ರ ಒಂದು ಪ್ರವಚನದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಕೇರಳದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಮನಸ್ಸು ಕಸಿವಿಸಿಗೊಂಡಿತು, ಆಮೇಲೆ ಯೋಚಿಸಿದಾಗ ಹೌದೆನ್ನಿಸಿತು ಎಂದರು. ಹೀಗೆ ಒಪ್ಪಿಕೊಂಡವರು ಕಸದ ಗಾಡಿಯ ಹಿಂದೆ ನಡೆಯದೆ ಇರುವುದು ಹೇಗೆ?

ಆದರೆ ಎಲ್ಲವೂ ಸರಿಯಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಮಾರ್ಚ್ 28ರಂದು ಕಿಂಗರು ನಡೆಸಿದ ಮೆರವಣಿಗೆ ಕೈಮೀರಿತು. ಹಿಂದಿದ್ದ ಕೆಲವು ಹುಡುಗರು ಅಂಗಡಿಗಳ ಗಾಜು ಒಡೆದರು, ಲೂಟಿಯಾಯಿತು. ಪೊಲೀಸರು ನುಗ್ಗಿದರು, 16 ವರ್ಷದ ಲ್ಯಾರಿ ಪೇಯ್ನ್ ಎಂಬ ಹುಡುಗ ಪೊಲೀಸನ ಗುಂಡಿಗೆ ಸತ್ತ. ಅಹಿಂಸೆಯ ಮೆರವಣಿಗೆ ಸಾಧ್ಯವೆಂದು ತೋರಿಸದೆ ಊರು ಬಿಡಲಾರೆನೆಂದು ಕಿಂಗರು ಮತ್ತೆ ಬಂದರು.

ಏಪ್ರಿಲ್ 3ರ ರಾತ್ರಿ ಬಿರುಗಾಳಿ ಮಳೆಯಲ್ಲಿ ಮೇಸನ್ ಟೆಂಪಲ್ಲಿನಲ್ಲಿ ಅವರ ಕೊನೆಯ ಭಾಷಣ. ಅದರಲ್ಲಿ ಯೇಸು ಹೇಳಿದ ಒಂದು ಕಥೆಯನ್ನು ಎತ್ತಿಕೊಂಡರು. ಜೆರಿಕೋ ದಾರಿಯಲ್ಲಿ ಕಳ್ಳರು ಹೊಡೆದು ಕೆಡವಿದ ಒಬ್ಬ ಮನುಷ್ಯ. ಪುರೋಹಿತನೂ ದೇವಾಲಯದ ಸೇವಕನೂ ಪಕ್ಕಕ್ಕೆ ಸರಿದುಹೋದರು. ಕೀಳು ಜಾತಿಯವನೆನಿಸಿದ ಸಮಾರ್ಯದವನು ನಿಂತು ಎತ್ತಿದ. ಕಿಂಗರು ಆ ಪುರೋಹಿತನನ್ನು ಬೈಯಲಿಲ್ಲ. ಆ ಹಾದಿ ಭಯದ ಹಾದಿ, ನಿಂತರೆ ತನಗೇನಾದೀತೆಂದು ಅವನು ಅಂಜಿರಬೇಕು ಎಂದರು. ಸಮಾರ್ಯದವನು ಪ್ರಶ್ನೆಯನ್ನು ತಿರುಗಿಸಿ, ನಾನು ನಿಲ್ಲದಿದ್ದರೆ ಇವನಿಗೇನಾದೀತು ಎಂದು ಕೇಳಿಕೊಂಡ. ಕಸದ ಕೆಲಸಗಾರರ ವಿಷಯದಲ್ಲಿಯೂ ಕೇಳಬೇಕಾದುದು ಅದನ್ನೇ ಎಂದರು. ಅದೇ ಭಾಷಣದಲ್ಲಿ, ಯಾವ ಕಂಪನಿಯ ಬ್ರೆಡ್ಡು ಕೊಳ್ಳಬಾರದು, ಯಾವ ಹಾಲು ಬೇಡ, ಹಣವನ್ನು ಕರಿಯರು ನಡೆಸುವ ಯಾವ ಬ್ಯಾಂಕಿನಲ್ಲಿ ಇಡಬೇಕು ಎಂಬುದನ್ನೂ ಹೆಸರು ಹಿಡಿದು ಹೇಳಿದರು. ಜನ ಆ ಭಾಷಣದ ಕೊನೆಯನ್ನು ನೆನೆಯುತ್ತಾರೆ. ನಮಗೆ ಈ ಬ್ರೆಡ್ಡು ಹಾಲಿನ ಮಾತೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ. ಧರ್ಮವನ್ನು ದಿನಸಿ ಚೀಟಿಯವರೆಗೆ ಇಳಿಸಿ ಹೇಳುವ ಧೈರ್ಯ ಎಷ್ಟು ಪಾದ್ರಿಗಳಿಗೆ, ಎಷ್ಟು ಸ್ವಾಮಿಗಳಿಗೆ, ಎಷ್ಟು ಮೌಲ್ವಿಗಳಿಗೆ ಇದೆ?

ಮರುದಿನ ಸಂಜೆ ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಏಪ್ರಿಲ್ 5ರಂದು ಬಿಳಿಯ ಮತ್ತು ಕರಿಯ ಪಾದ್ರಿಗಳು ಒಟ್ಟಾಗಿ, ಒಬ್ಬರು ಶಿಲುಬೆಯನ್ನು ಎತ್ತಿ ಹಿಡಿದು, ಮೇಯರ ಕಚೇರಿಗೆ ನಡೆದರು. ಯಹೂದಿ ಧರ್ಮಗುರು ಜೇಮ್ಸ್ ವ್ಯಾಕ್ಸ್ ಮೇಯರಿಗೆ ಎದುರು ನಿಂತು, ಊರಿನ ಕಾನೂನಿಗಿಂತ ದೇವರ ಕಾನೂನು ದೊಡ್ಡದೆಂದು ಹೇಳಿದರು. ಒಳ್ಳೆಯ ಮಾತೇ. ಮುಷ್ಕರ ಆರಂಭವಾಗಿ 53 ದಿನಗಳಾದ ಮೇಲೆ ಬಂದ ಮಾತು. ಮೊದಲ ವಾರದಲ್ಲಿಯೇ ಬಂದಿದ್ದರೆ ಎಂಬ ಯೋಚನೆ ನಮ್ಮನ್ನು ಬಿಡದು. ಏಪ್ರಿಲ್ 8ರಂದು ಕಿಂಗರ ಪತ್ನಿ ಕೊರೆಟ್ಟಾ ಅವರು ಸಾವಿರಾರು ಜನರೊಡನೆ ಅದೇ ಬೀದಿಗಳಲ್ಲಿ ಮೌನವಾಗಿ ನಡೆದರು. ಒಂದು ಗಾಜೂ ಒಡೆಯಲಿಲ್ಲ. ಅಧ್ಯಕ್ಷ ಜಾನ್ಸನ್ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನು ಕಳುಹಿಸಿದ್ದರು. ಏಪ್ರಿಲ್ 16ರಂದು ಒಪ್ಪಂದವಾಯಿತು. ಸಂಘಕ್ಕೆ ಮನ್ನಣೆ ಸಿಕ್ಕಿತು. ಮಜೂರಿ ಗಂಟೆಗೆ ಮೇ ತಿಂಗಳಿಂದ 10 ಸೆಂಟು, ಸೆಪ್ಟೆಂಬರಿನಿಂದ ಮತ್ತೆ 5 ಸೆಂಟು ಏರಿತು. ಹದಿನೈದು ಸೆಂಟಿಗೆ ಎಂಥ ಬೆಲೆ ತೆತ್ತರು ನೋಡಿ.

ನಿವೃತ್ತಿ ವೇತನದ ಗಂಟು ಅಂದು ಬಿಚ್ಚಲಿಲ್ಲ. ನಗರಸಭೆಯ ಪಿಂಚಣಿ ಇಲ್ಲದೆ ಕೆಲವರು ಮುಪ್ಪಿನಲ್ಲಿಯೂ ಕಸದ ಗಾಡಿಯ ಮೇಲೆಯೇ ಉಳಿದರು. 2017ರಲ್ಲಿ ಆ ನಗರ, ಇನ್ನೂ ಬದುಕಿದ್ದ ಬೆರಳೆಣಿಕೆಯ ಹಳಬರಿಗೆ ತಲಾ 50,000 ಡಾಲರು ಕೊಡುವುದಾಗಿ ಹೇಳಿತು. ಅಷ್ಟರಲ್ಲಿ 49 ವರ್ಷ ಕಳೆದಿತ್ತು. ಲಾಸನ್ 2024ರ ಜೂನ್‌ನಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕ್ಲೇಬಾರ್ನ್ ಟೆಂಪಲ್ 2025ರ ಏಪ್ರಿಲ್ 28ರಂದು ಬೆಂಕಿಗೆ ತುತ್ತಾಯಿತು.

ಈಗ ಮನೆಯ ಮಾತು. ಬಹಳ ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಒಂದು ಮುಷ್ಕರದ ಕಾಲಕ್ಕೆ ನಾವು ಸಭೆಗೆಂದು ಒಂದು ಧರ್ಮಸಂಸ್ಥೆಯ ಸಭಾಭವನ ಕೇಳಲು ಹೋಗಿದ್ದೆವು. ಹೆಸರು ಬೇಡ, ಯಾವ ಧರ್ಮದ್ದೆಂದೂ ಹೇಳುವುದಿಲ್ಲ. "ಮದುವೆಗಾದರೆ ಕೊಡುತ್ತೇವೆ" ಎಂದರು. ಬೇವಿನ ಮರದ ಕೆಳಗೆ ನೆನೆಯುತ್ತ ಸಭೆ ಮಾಡಿದೆವು. ಅಂದು ಒಬ್ಬ ಕಿರಾಣಿ ಅಂಗಡಿಯವರು ತಾವಾಗಿ ಬಂದು, ಮುಷ್ಕರ ಮುಗಿಯುವವರೆಗೆ ಜೋಳವನ್ನು ಉದ್ರಿ ಕೊಡುತ್ತೇನೆಂದು ಹೇಳಿ ಹೋದರು. ದಿನವೂ ವಿಭೂತಿ ಹಚ್ಚಿ ಅಂಗಡಿ ತೆರೆಯುತ್ತಿದ್ದವರು. ನಮಗೆ ಆಗ ಭವನ ಕೊಡದವರ ಮೇಲಿನ ಸಿಟ್ಟೊಂದೇ ನೆನಪಿನಲ್ಲಿ ಉಳಿಯಿತು. ಈ ಅಂಗಡಿಯವರ ವಿಭೂತಿಯನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಅದು ನಮ್ಮ ತಪ್ಪು.

2022ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿರೆಂದು ಕಸಬರಿಗೆ ಕೆಳಗಿಟ್ಟು ಕುಳಿತಾಗ, ನಮ್ಮಲ್ಲಿ ಎಷ್ಟು ಮಂದಿ ಮೂಗು ಮುಚ್ಚಿಕೊಂಡು ಮುಂದೆ ಹೋದೆವು, ಎಷ್ಟು ಮಂದಿ ನಿಂತು ಮಾತಾಡಿಸಿದೆವು? ನಾವು ಎರಡು ದಿನ ಮೂಗು ಮುಚ್ಚಿಕೊಂಡು ಹೋದವರೇ; ಮೂರನೆಯ ದಿನ ನಿಂತೆವು.

ನೂಲಿನ ಖಾತೆಯ ಸಂಗಾತಿ ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ಬರುವ ಆದಿತ್ಯವಾರ ತಮ್ಮ ಪಾದ್ರಿಗಳನ್ನು ಕಂಡು, ನಮ್ಮೂರ ಪೌರಕಾರ್ಮಿಕರ ಮಕ್ಕಳಿಗೆ ಸಂಜೆಯ ಪಾಠ ನಡೆಸಲು ಚರ್ಚಿನ ಹಜಾರ ಕೇಳುತ್ತಾರಂತೆ. ನಾವೂ ಜೊತೆಗೆ ಹೋಗುತ್ತೇವೆ. ಮಠದವರನ್ನೂ ಮಸೀದಿಯವರನ್ನೂ ಕೇಳಲು ಯಾರು ಬರುತ್ತೀರೋ ಸಭೆ ಮುಗಿದ ಮೇಲೆ ಹೆಸರು ಕೊಡಿ. ರಾತ್ರಿ ಪಾಳಿಯವರಿಗೆ ಹೊತ್ತಾಯಿತು. ಅವರು ಮೊದಲು ಹೊರಡಲಿ.