ಕಬ್ಬಿಣ ಕದಿಯುವ ಬಾಗಿಲು



1896ರಲ್ಲಿ ನಮ್ಮ ಈ ಮುಂಬಯಿಯನ್ನು ಪ್ಲೇಗು ಹೊಕ್ಕಾಗ ಅದರ ರೋಗಾಣು ಪತ್ತೆಯಾಗಿ ಎರಡೇ ವರ್ಷಗಳಾಗಿದ್ದವು. ಯೆರ್ಸಿನಿಯಾ ಪೆಸ್ಟಿಸ್ ಎಂಬ ಆ ಜೀವಿ ನಮ್ಮ ಒಡಲಿನಿಂದ ಕಬ್ಬಿಣವನ್ನು ಹೇಗೆ ದೋಚುತ್ತದೆಂಬುದನ್ನು ತಮ್ಮ ಮುಂದಿಡಬಯಸುತ್ತೇನೆ.

ಕಬ್ಬಿಣವಿಲ್ಲದೆ ರೋಗಾಣು ಬೆಳೆಯಲಾರದು. ನಮ್ಮ ದೇಹವಾದರೋ ಅದನ್ನು ಬಿಡಿಯಾಗಿ ಇಡುವುದಿಲ್ಲ. ಬಹುಪಾಲು ಕಬ್ಬಿಣವು ಹಿಮೋಗ್ಲೋಬಿನ್ನಿನೊಳಗೆ ಹೀಮ್ ಎಂಬ ಅಣುವಿನ ನಡುವೆ ಬಂದಿಯಾಗಿದೆ. ರೋಗಾಣು ಆ ಹೀಮನ್ನೇ ಇಡಿಯಾಗಿ ಒಳಗೆಳೆದುಕೊಳ್ಳುತ್ತದೆ. ಇದಕ್ಕೆಂದೇ ಅದರಲ್ಲಿ ಎಚ್.ಎಂ.ಯು. ಎಂಬ ಪ್ರೋಟೀನುಗಳ ವ್ಯವಸ್ಥೆಯುಂಟು. ಹೊರಪೊರೆಯಲ್ಲಿರುವ ‘ಆರ್’ ಹೀಮನ್ನು ಬರಮಾಡಿಕೊಳ್ಳುತ್ತದೆ. ಎರಡು ಪೊರೆಗಳ ನಡುವೆ ‘ಟಿ’ ಅದನ್ನು ಹೊತ್ತೊಯ್ಯುತ್ತದೆ. ಒಳಪೊರೆಯಲ್ಲಿ ‘ಯು’ ಮತ್ತು ‘ವಿ’ ಸೇರಿ ಬಾಗಿಲಾಗಿವೆ. ಈ ಬಾಗಿಲಿನ ರಚನೆಯನ್ನು ಜ್ಯೂರಿಕ್ ನಗರದ ವಿಜ್ಞಾನಿಗಳು ಕ್ಷ-ಕಿರಣಗಳ ನೆರವಿನಿಂದ ಕಂಡು 2012ರಲ್ಲಿ ಪ್ರಕಟಿಸಿದರು. ಎರಡು ‘ಯು’ಗಳು ಪೊರೆಯ ನಡುವೆ ಹಾದಿಯನ್ನು ರೂಪಿಸುತ್ತವೆ, ಒಳಗಿನ ಎರಡು ‘ವಿ’ಗಳು ಎ.ಟಿ.ಪಿ.ಯನ್ನು ಒಡೆದು ಸಾಗಣೆಗೆ ಶಕ್ತಿಯೊದಗಿಸುತ್ತವೆ.

ಹಾಗಾದರೆ ಈ ಬಾಗಿಲಿಗೆ ಬೀಗ ಜಡಿದರೆ ಪ್ಲೇಗು ನಿಂತೀತೇ? 1999ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಈ ವ್ಯವಸ್ಥೆಯನ್ನು ಕಳೆದುಕೊಂಡ ರೋಗಾಣುವೂ ಇಲಿಗಳನ್ನು ಮೊದಲಿನಂತೆಯೇ ಕೊಂದಿತು! ಯೆರ್ಸಿನಿಯಾಬ್ಯಾಕ್ಟಿನ್ ಎಂಬ ವಸ್ತುವನ್ನು ಸ್ರವಿಸಿ ಬೇರೆಡೆಯ ಕಬ್ಬಿಣವನ್ನು ಸೆಳೆಯುವ ಇನ್ನೊಂದು ದಾರಿಯೂ ಅದಕ್ಕುಂಟು.

ಇಂದು ಪ್ಲೇಗಿಗೆ ಮದ್ದಿದೆ, ನಿಜ. ಆದರೆ ಹಲವು ಔಷಧಗಳಿಗೆ ಜಗ್ಗದ ತಳಿಯೊಂದು 1995ರಲ್ಲಿ ಮಡಗಾಸ್ಕರಿನಲ್ಲಿ ದೊರೆತದ್ದನ್ನು ಮರೆಯಲಾಗದು. ಹೊಸ ಮದ್ದು ಅರಸುವವರು ಒಂದು ಬಾಗಿಲನ್ನಲ್ಲ, ಮನೆಯ ಎಲ್ಲ ಬಾಗಿಲುಗಳನ್ನೂ ಎಣಿಸಬೇಕೆಂಬುದೇ ನನ್ನ ಅರಿಕೆ.